ಚೀಟಿ ಬರೆದ ಮೇಲೆ ಏನಾಯ್ತು?

ನಮ್ಮ ಕ್ಲಿನಿಕ್‌ನಲ್ಲಿ ಕೂತು ದೊಡ್ಡಾಸ್ಪತ್ರೆಗೆ ಚೀಟಿ ಬರೆಯುವುದು ಸುಲಭ. ರೋಗಿ ಹೋದರಾ, ಅಲ್ಲಿನ ಡಾಕ್ಟರ್ ಏನಂದರು ಅಂತ ತಿಳಿಯುವುದೇ ಕಷ್ಟ. ಶುಗರ್ ಇರುವವರನ್ನು ವರ್ಷಕ್ಕೊಮ್ಮೆ ಕಣ್ಣಿನ ಒಳಗಿನ ಪರದೆ (ರೆಟಿನಾ) ತೋರಿಸಲು ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಮಿಂಟೋ ಕಣ್ಣಾಸ್ಪತ್ರೆಗೆ ಕಳಿಸುತ್ತೇವೆ. ಪರದೆ ಹಾಳಾಗಲು ಶುರುವಾದಾಗ ನೋವಿರುವುದಿಲ್ಲ, ಕಣ್ಣೂ ಚೆನ್ನಾಗೇ ಕಾಣುತ್ತದೆ. ಸುಮ್ನೆ ಒಂದು ದಿನದ ಕೂಲಿ ಯಾರು ಬಿಡ್ತಾರೆ, ಅಲ್ವಾ?

ಅದಕ್ಕೇ ಕಂಪ್ಯೂಟರ್‌ನಲ್ಲಿ ಪಟ್ಟಿ ಇಟ್ಟಿದ್ದೇವೆ. ಹೆಸರು, ಫೋನ್, ಯಾಕೆ ಕಳಿಸಿದ್ದು, ಯಾವಾಗಿನೊಳಗೆ ಹೋಗಬೇಕು, ವರದಿ ಬಂತಾ. ಗಡುವು ದಾಟಿದರೆ ಸಾಲು ಕೆಂಪಾಗುತ್ತದೆ. ಬೆಳಿಗ್ಗೆ ಸಿಸ್ಟರ್ ಫೋನ್ ಮಾಡುತ್ತಾರೆ: "ಅಜ್ಜಿ, ಕಣ್ಣು ತೋರಿಸಿದ್ರಾ?" ಎಷ್ಟೋ ಸಲ ಫೋನ್ ಮೊಮ್ಮಗನ ಕೈಯಲ್ಲಿರುತ್ತದೆ. ಅಂಥ ಮನೆಗೆ ಆಶಾ ಕಾರ್ಯಕರ್ತೆಯೇ ಹೋಗಬೇಕು. ಯಾವ ಸಾಫ್ಟ್‌ವೇರೂ ಆ ಕೆಲಸ ಮಾಡುವುದಿಲ್ಲ.

ಹೋಗಿ ಬಂದರು ಅಂದ ಮಾತ್ರಕ್ಕೆ ಸಾಲು ಹಸಿರಾಗುವುದಿಲ್ಲ. ವರದಿ ಓದಿ, ಮುಂದೇನು ಅಂತ ನಾನು ಬರೆದ ಮೇಲೇ. ಈ ವಿಷಯದಲ್ಲಿ ನನ್ನದು ಹಟ.

14 ಅಂಕಿಯ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಇದ್ದು, ರೋಗಿ ಒಪ್ಪಿದರೆ, ದಾಖಲೆ ಒಂದಾಸ್ಪತ್ರೆಯಿಂದ ಇನ್ನೊಂದಕ್ಕೆ ಬರಬಹುದು. ಆದರೆ ಎರಡೂ ಕಡೆಯವರು ಆ ವ್ಯವಸ್ಥೆಗೆ ಸೇರಿರಬೇಕು. ಅಲ್ಲಿಯವರೆಗೆ ರೋಗಿ ತಂದ ಕಾಗದದ ಫೋಟೊ ತೆಗೆದು ಪಟ್ಟಿಗೆ ಸೇರಿಸುತ್ತಿದ್ದೇವೆ.