ಶಾಲೆಯ ಗೋಡೆಯ ಮೇಲೆ ಕೊಳದ ಬಕ

ನಮ್ಮ ಶಾಲೆಯ ಗೋಡೆಗೆ ಹಕ್ಕಿಗಳ ಪಟ್ಟಿ ಬರೆಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲ ಸಾಲನ್ನು ನವಿಲಿಗೆ ಕೊಡದೆ ಕೊಳದ ಬಕಕ್ಕೆ ಕೊಟ್ಟೆ. ಗೋಕಾಕ ತಾಲ್ಲೂಕಿನ ನಮ್ಮ ಮಕ್ಕಳು ದಿನವೂ ನೋಡುವ ಹಕ್ಕಿ ಅದು. ಧೂಪದಾಳದ ಹಿನ್ನೀರಿನಲ್ಲಿ, ಕಬ್ಬಿನ ಹೊಲದ ಕಾಲುವೆಯಲ್ಲಿ, ಎಮ್ಮೆಗಳು ಬಿದ್ದುಕೊಳ್ಳುವ ಹೊಂಡದಲ್ಲಿ, ಎಲ್ಲೆಂದರಲ್ಲಿ ಕುತ್ತಿಗೆ ಒಳಗೆಳೆದುಕೊಂಡು ನಿಂತಿರುತ್ತದೆ.

ಊರಿನ ಹಿರಿಯರಿಗೆ ಇದು ಬರೀ ಕೊಕ್ಕರೆ. ಉದ್ದ ಕಾಲಿನದ್ದೆಲ್ಲ ಕೊಕ್ಕರೆ, ಬಿಳಿಯಾಗಿದ್ದರೆ ಬೆಳ್ಳಕ್ಕಿ. ಮರಾಠಿ ಮಾತನಾಡುವ ಮನೆಗಳಲ್ಲಿ ಢೋಕರಿ. ಮರಾಠಿ ಪುಸ್ತಕಗಳಲ್ಲಿ ವಂಚಕ ಎಂಬ ಹೆಸರೂ ಇದೆ. ಹಿಂದಿಯಲ್ಲಿ ಅಂಧಾ ಬಗಲಾ, ಕುರುಡು ಬಕ. ಕುರುಡೇನೂ ಅಲ್ಲ. ನಾವು ತೀರಾ ಹತ್ತಿರ ಹೋಗುವವರೆಗೂ ಅದು ಕದಲುವುದಿಲ್ಲ, ಅಷ್ಟೇ. ಕೆಸರಿನ ಬಣ್ಣದ ಗೆರೆಗೆರೆ ಮೈ ಮಣ್ಣಿನಲ್ಲಿ ಬೆರೆತುಹೋಗಿರುತ್ತದೆ. ಎದ್ದು ಹಾರಿತೋ, ಅಚ್ಚಬಿಳಿ ರೆಕ್ಕೆ! ಗೂಡು ಕಟ್ಟುವ ಮಳೆಗಾಲದಲ್ಲಿ ಬೆನ್ನು ಕಡುಗಂದುಗೆಂಪಾಗುತ್ತದೆ. ಆ ಬೆನ್ನನ್ನು ನೋಡದವರ ಮೇಲೆ ನನಗೆ ನಿಜಕ್ಕೂ ಕನಿಕರ.

ಇಷ್ಟೆಲ್ಲ ಹೆಸರಿರುವಾಗ ಗೋಡೆಯ ಮೇಲೆ ಲ್ಯಾಟಿನ್ ವೈಜ್ಞಾನಿಕ ಹೆಸರು ಯಾಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಈಶಾನ್ಯ ಭಾರತದಲ್ಲಿ ಇದರ ದಾಯಾದಿ ಚೀನೀ ಕೊಳದ ಬಕವಿದೆ, ಅರ್ಡಿಯೋಲ ಬ್ಯಾಕಸ್. ಗೂಡು ಕಟ್ಟುವ ಕಾಲ ಬಿಟ್ಟರೆ ಎರಡನ್ನೂ ಬೇರ್ಪಡಿಸುವುದು ಬಲು ಕಷ್ಟ. ‘ಕೊಕ್ಕರೆ’ ಎಂದರೆ ಅಲ್ಲಿಯವರಿಗೆ ಯಾವುದೆಂದು ತಿಳಿಯಬೇಕು? ನಮ್ಮದು ಅರ್ಡಿಯೋಲ ಗ್ರೇಯಿ. ಅರ್ಡಿಯೋಲ ಎಂದರೆ ಪುಟ್ಟ ಬಕ. ಗ್ರೇಯಿ ಎಂಬುದು ಬ್ರಿಟಿಷ್ ಮ್ಯೂಸಿಯಂನ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ ಅವರ ನೆನಪಿಗೆ. ಹೆಸರಿಟ್ಟವರು ಬಾಂಬೆ ಪ್ರಾಂತ್ಯದ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ದಖ್ಖನ್ನಿನಲ್ಲಿ ತಾವು ಕಂಡ ಹಕ್ಕಿಗಳ ಪಟ್ಟಿಯನ್ನು ಅವರು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಅಂದರೆ ಲೋಕವೆಲ್ಲ ಒಪ್ಪಿದ ಈ ಹೆಸರು ಹುಟ್ಟಿದ್ದು ನಮ್ಮದೇ ಪ್ರಸ್ಥಭೂಮಿಯ ಹಕ್ಕಿಯಿಂದ. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಹೆಮ್ಮೆ ತಡೆಯಲಾಗುವುದಿಲ್ಲ.

ವೈಜ್ಞಾನಿಕ ಹೆಸರಿನ ಕೊನೆಯಲ್ಲಿ, ಹೆಸರಿಟ್ಟವರನ್ನೂ ವರ್ಷವನ್ನೂ ತಿಳಿಸುವ ಕಡೆ, ಪೇಂಟರ್ ‘ಸೈಕ್ಸ್, 1832’ ಎಂದು ಆವರಣ ಚಿಹ್ನೆ (ಕಂಸ) ಇಲ್ಲದೆ ಬರೆದಿದ್ದರು. ಆ ಆವರಣ ಅಲಂಕಾರಕ್ಕಲ್ಲ. ಸೈಕ್ಸ್ ಈ ಹಕ್ಕಿಯನ್ನು ಅರ್ಡಿಯಾ ಕುಲಕ್ಕೆ, ಅಂದರೆ ಹತ್ತಿರದ ಜಾತಿಗಳ ಗುಂಪಿಗೆ, ಸೇರಿಸಿದ್ದರು, ಮುಂದೆ ಅದು ಅರ್ಡಿಯೋಲ ಕುಲಕ್ಕೆ ಬಂತು. ಕುಲ ಬದಲಾದಾಗ ಮೊದಲು ಹೆಸರಿಟ್ಟವರನ್ನು ಆವರಣದೊಳಗೆ ಬರೆಯುವುದು ನಿಯಮ. ಮತ್ತೆ ಏಣಿ ಹಾಕಿಸಿ ಎರಡು ಕಂಸಗಳನ್ನೂ ಬರೆಸಿದೆ.