ಗೆದ್ದವರು ನಮ್ಮವರು, ಎದುರಿಗಿದ್ದವರೂ ನಮ್ಮವರೇ: ವಿಜಯ್ ಹಜಾರೆ ಟ್ರೋಫಿ 2024–25

2025ರ ಜನವರಿ 18ರಂದು ವಡೋದರದ ಕೋಟಂಬಿ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡವು ವಿದರ್ಭವನ್ನು 36 ರನ್‌ಗಳಿಂದ ಸೋಲಿಸಿ ವಿಜಯ್ ಹಜಾರೆ ಟ್ರೋಫಿಯನ್ನು ಐದನೇ ಬಾರಿಗೆ ಗೆದ್ದುಕೊಂಡಿತು. ಇದಕ್ಕೂ ಮೊದಲು 2013–14, 2014–15, 2017–18 ಮತ್ತು 2019–20ರಲ್ಲಿ ಫೈನಲ್ ತಲುಪಿದ್ದ ನಮ್ಮ ತಂಡ ಆ ನಾಲ್ಕರಲ್ಲೂ ಗೆದ್ದಿತ್ತು. ದೇಶಿ ಏಕದಿನ ಕ್ರಿಕೆಟ್‌ನ ಈ ಅತಿ ದೊಡ್ಡ ಟೂರ್ನಿಯ ಫೈನಲ್‌ನಲ್ಲಿ ಕರ್ನಾಟಕ ಸೋತದ್ದೇ ಇಲ್ಲ. ಆದರೂ ಆ ಋತುವಿನ ಬಗ್ಗೆ ಬರೆಯಲು ಕುಳಿತರೆ ಗೆದ್ದವರ ಹೆಸರಿನ ಜೊತೆಯಲ್ಲೇ ಸೋತ ತಂಡದ ನಾಯಕ, ನಮ್ಮಲ್ಲೇ ಬೆಳೆದ ಕರುಣ್ ನಾಯರ್ ಅವರ ಹೆಸರೂ ಬರುತ್ತದೆ. ಇಬ್ಬರನ್ನೂ ಸೇರಿಸಿ ಹೇಳದಿದ್ದರೆ ಆ ಋತುವಿನ ಕಥೆ ಅರ್ಧವೇ ಆಗುತ್ತದೆ.

ಕರ್ನಾಟಕದ ಅಭಿಯಾನ ಆರಂಭವಾದದ್ದು ಡಿಸೆಂಬರ್ 21ರಂದು, ಅಹಮದಾಬಾದ್‌ನಲ್ಲಿ, ಮುಂಬೈ ವಿರುದ್ಧ. ಶ್ರೇಯಸ್ ಅಯ್ಯರ್ 55 ಎಸೆತಗಳಲ್ಲಿ ಅಜೇಯ 114 ರನ್ ಹೊಡೆದು ಮುಂಬೈ ಮೊತ್ತವನ್ನು 382ಕ್ಕೆ ಏರಿಸಿದಾಗ ಪಂದ್ಯ ಕೈತಪ್ಪಿತೆಂದು ಭಾವಿಸಿದವರೇ ಹೆಚ್ಚು. ಆದರೆ ಎಡಗೈ ಬ್ಯಾಟರ್, ವಿಕೆಟ್ ಕೀಪರ್ ಕೃಷ್ಣನ್ ಶ್ರೀಜಿತ್ 101 ಎಸೆತಗಳಲ್ಲಿ ಅಜೇಯ 150 ರನ್ ಗಳಿಸಿ, ಇನ್ನೂ ಮೂರು ಓವರ್‌ಗಳಿಗಿಂತ ಹೆಚ್ಚು ಬಾಕಿ ಇರುವಾಗಲೇ ತಂಡವನ್ನು ದಡ ಸೇರಿಸಿದರು. ಲೀಗ್ ಹಂತದ ಬಹುಪಾಲು ಪಂದ್ಯಗಳನ್ನು ನಮ್ಮಂಥವರು ಸ್ಕೋರ್‌ಕಾರ್ಡ್‌ನಲ್ಲಿ ಓದಿಯೇ ತಿಳಿಯಬೇಕು. ಪ್ರತಿ ಓವರ್‌ಗೆ ಅಂಕಿ ಬದಲಾಗುವುದನ್ನು ನೋಡುತ್ತಾ ಆ ಇನಿಂಗ್ಸ್ ಅನ್ನು ಮನಸ್ಸಿನಲ್ಲೇ ಕಟ್ಟಿಕೊಂಡ ಸಂತೋಷ ನನಗೆ ಇನ್ನೂ ನೆನಪಿದೆ.

ಆ ನಂತರ ನಾಯಕ ಮಯಂಕ್ ಅಗರವಾಲ್ ಅವರದೇ ಆಟ. ಪಂಜಾಬ್, ಅರುಣಾಚಲ ಪ್ರದೇಶ, ಹೈದರಾಬಾದ್ ವಿರುದ್ಧ ಸಾಲಾಗಿ ಮೂರು ಶತಕ, ಬಳಿಕ ನಾಗಾಲ್ಯಾಂಡ್ ವಿರುದ್ಧ ಇನ್ನೊಂದು. ಟೂರ್ನಿ ಮುಗಿಯುವ ಹೊತ್ತಿಗೆ ಅವರ ಒಟ್ಟು ರನ್ 651. ಹೈದರಾಬಾದ್ ಎದುರು ಮಾತ್ರ ಅವರ ಶತಕವೂ ತಂಡವನ್ನು ಉಳಿಸಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ದೇವದತ್ತ ಪಡಿಕ್ಕಲ್ ಅವರ 102 ರನ್‌ಗಳ ಬಲದಿಂದ ಬರೋಡವನ್ನು ಕೇವಲ 5 ರನ್‌ಗಳಿಂದ ಮಣಿಸಿ, ಸೆಮಿಫೈನಲ್‌ನಲ್ಲಿ ಹರಿಯಾಣವನ್ನು ಸೋಲಿಸಿ ಕರ್ನಾಟಕ ಫೈನಲ್‌ಗೆ ಬಂದಿತು.

ಇತ್ತ ವಿದರ್ಭದ ಪಾಳಯದಲ್ಲಿ ನಡೆಯುತ್ತಿದ್ದುದೇ ಬೇರೆ. ಕರುಣ್ ಅವರ ಸ್ಕೋರುಗಳನ್ನು ಅನುಕ್ರಮವಾಗಿ ಬರೆದರೆ ಸಾಕು: ಅಜೇಯ 112, ಅಜೇಯ 44, ಅಜೇಯ 163, ಅಜೇಯ 111, 112, ಅಜೇಯ 122, ಅಜೇಯ 88. ಐದನೆಯ ಇನಿಂಗ್ಸ್‌ನಲ್ಲಿ ಔಟಾಗುವವರೆಗೆ, ಒಮ್ಮೆಯೂ ಔಟಾಗದೆ 542 ರನ್ ಗಳಿಸಿದ್ದು ಲಿಸ್ಟ್ ‘ಎ’ ಕ್ರಿಕೆಟ್‌ನ, ಅಂದರೆ ಉನ್ನತ ಮಟ್ಟದ ಏಕದಿನ ಪಂದ್ಯಗಳ ವಿಶ್ವದಾಖಲೆ. ಫೈನಲ್‌ಗೆ ಕಾಲಿಡುವಾಗ ಅವರ ಮೊತ್ತ 752, ಔಟಾದದ್ದು ಒಮ್ಮೆ ಮಾತ್ರ. ಆದ್ದರಿಂದ ಸರಾಸರಿಯೂ 752.

ಈ ಸರಾಸರಿಯನ್ನು ಎತ್ತಿ ಹಿಡಿಯುವವರೂ ಇದ್ದರು, ತಳ್ಳಿಹಾಕುವವರೂ ಇದ್ದರು. ಪಿಚ್‌ಗಳು ಸಪಾಟಾಗಿದ್ದವು, ಕೆಲವು ಎದುರಾಳಿಗಳು ದುರ್ಬಲರಾಗಿದ್ದರು, ಅಜೇಯ ಇನಿಂಗ್ಸ್‌ಗಳಿಂದ ಸರಾಸರಿ ಉಬ್ಬುತ್ತದೆ ಎಂಬ ವಾದಗಳಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಏಕದಿನ ಪಂದ್ಯದಲ್ಲಿ ಅಜೇಯನಾಗಿ ಉಳಿಯುವುದೆಂದರೆ ಸ್ಕೋರ್‌ಕಾರ್ಡ್‌ನ ಒಂದು ನಕ್ಷತ್ರ ಚಿಹ್ನೆಯಷ್ಟೇ ಅಲ್ಲ. ಗುರಿ ಬೆನ್ನಟ್ಟುವಾಗ ಗೆಲುವಿನ ರನ್ ಬರುವವರೆಗೂ ನಿಲ್ಲುವುದು, ಮೊದಲು ಬ್ಯಾಟ್ ಮಾಡುವಾಗ ಕೊನೆಯ ಓವರ್‌ಗಳಲ್ಲಿ ವಿಕೆಟ್ ಒಪ್ಪಿಸದೆ ವೇಗ ಹೆಚ್ಚಿಸುವುದು, ಎರಡೂ ಬೇರೆ ಬೇರೆ ವಿದ್ಯೆಗಳು. ರಾಜಸ್ಥಾನದ ವಿರುದ್ಧ ಕ್ವಾರ್ಟರ್ ಫೈನಲ್‌ನಲ್ಲಿ ಅವರು ಮೊದಲನೆಯದನ್ನು ಮಾಡಿದರು. ಮಹಾರಾಷ್ಟ್ರದ ವಿರುದ್ಧ ಸೆಮಿಫೈನಲ್‌ನಲ್ಲಿ 44 ಎಸೆತಗಳಲ್ಲಿ 88 ರನ್ ಹೊಡೆದು ತಂಡದ ಮೊತ್ತವನ್ನು 380ಕ್ಕೆ ಒಯ್ಯುವ ಮೂಲಕ ಎರಡನೆಯದನ್ನು. 33ರ ವಯಸ್ಸಿನಲ್ಲಿ ಈ ಎರಡನ್ನೂ ಒಂದೇ ವಾರದೊಳಗೆ ಮಾಡಿ ತೋರಿಸಿದ ಬ್ಯಾಟರ್‌ಗೆ ಸರಾಸರಿಯ ಸಮರ್ಥನೆ ಬೇಕಿಲ್ಲ.

ಕರ್ನಾಟಕದವರಿಗೆ ಇದು ಇನ್ನಷ್ಟು ತಟ್ಟುವುದಕ್ಕೆ ಕಾರಣವಿದೆ. ಕರುಣ್ ಬೆಳೆದದ್ದು ಬೆಂಗಳೂರಿನಲ್ಲಿ. 2014–15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿ ಟ್ರೋಫಿ ತಂದುಕೊಟ್ಟವರು ಅವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಗಳಿಸಿದ ಬಳಿಕವೂ ಅವರ ಟೆಸ್ಟ್ ಅವಕಾಶಗಳು ಬೇಗನೆ ನಿಂತುಹೋದವು. 2022ರಲ್ಲಿ ರಾಜ್ಯ ತಂಡದಲ್ಲಿಯೂ ಸ್ಥಾನ ಕಳೆದುಕೊಂಡರು. ಆ ವರ್ಷದ ಡಿಸೆಂಬರ್‌ನಲ್ಲಿ, ಪ್ರಿಯ ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು ಅವರು ಟ್ವಿಟರ್‌ನಲ್ಲಿ ಬರೆದುಕೊಂಡರು. ಆ ಅವಕಾಶವನ್ನು ಕೊಟ್ಟದ್ದು ವಿದರ್ಭ.

ಫೈನಲ್‌ನಲ್ಲಿ ಮೊದಲು ಬ್ಯಾಟ್ ಮಾಡಿದ ಕರ್ನಾಟಕ 67 ರನ್‌ಗಳಿಗೆ ಮೂರು ವಿಕೆಟ್ ಕಳೆದುಕೊಂಡಿತು; ಮಯಂಕ್ ಮತ್ತು ಪಡಿಕ್ಕಲ್ ಇಬ್ಬರೂ ಪೆವಿಲಿಯನ್‌ಗೆ ಮರಳಿದ್ದರು. ದೊಡ್ಡ ಹೆಸರುಗಳೆರಡೂ ಮುಗಿದ ಆ ಹಂತದಲ್ಲಿ 21 ವರ್ಷದ ಆರ್. ಸ್ಮರಣ್ ಮತ್ತು ಶ್ರೀಜಿತ್ ನಾಲ್ಕನೇ ವಿಕೆಟ್‌ಗೆ 160 ರನ್ ಸೇರಿಸಿದರು. ಅವಸರವಿಲ್ಲದೆ, ಒಂಟಿ ರನ್‌ಗಳನ್ನು ಬಿಡದೆ, ಸಡಿಲ ಎಸೆತಕ್ಕಾಗಿ ಕಾದು ಆಡಿದ ಆ ಜತೆಯಾಟವೇ ನನ್ನ ದೃಷ್ಟಿಯಲ್ಲಿ ಟ್ರೋಫಿಯನ್ನು ಗೆದ್ದುಕೊಟ್ಟದ್ದು. ಸ್ಮರಣ್ 92 ಎಸೆತಗಳಲ್ಲಿ 101, ಶ್ರೀಜಿತ್ 74 ಎಸೆತಗಳಲ್ಲಿ 78 ಗಳಿಸಿದರೆ, ಅಭಿನವ್ ಮನೋಹರ್ 42 ಎಸೆತಗಳಲ್ಲಿ 79 ರನ್ ಚಚ್ಚಿ ಮೊತ್ತವನ್ನು 348ಕ್ಕೆ ತಲುಪಿಸಿದರು. ಇಪ್ಪತ್ತು ಓವರ್‌ಗಳ ಆಟದಲ್ಲಿ ಮನೋಹರ್ ಅವರಂತಹ ಹೊಡೆತಗಾರರನ್ನು ಎಲ್ಲರೂ ಗುರುತಿಸುತ್ತಾರೆ. ಮೂರು ವಿಕೆಟ್ ಬಿದ್ದ ಮೇಲೆ ಮೂವತ್ತು ಓವರ್‌ಗಳ ಲೆಕ್ಕ ಹಾಕಿ ಇನಿಂಗ್ಸ್ ಕಟ್ಟಬಲ್ಲ ಯುವಕನನ್ನು ಗುರುತಿಸಲು ಇಂತಹ ಐವತ್ತು ಓವರ್‌ಗಳ ಟೂರ್ನಿಯೇ ಬೇಕು.

ವಿದರ್ಭ ಉತ್ತರಿಸಲು ಇಳಿದಾಗ ಎಲ್ಲರ ಕಣ್ಣು ಕರುಣ್ ಮೇಲಿತ್ತು. 27 ರನ್ ಗಳಿಸಿದ್ದ ಅವರನ್ನು ನಮ್ಮ ವೇಗಿ ಪ್ರಸಿದ್ಧ ಕೃಷ್ಣ ಬೌಲ್ಡ್ ಮಾಡಿದರು. ನಮ್ಮ ತಂಡಕ್ಕೆ ಬೇಕಾಗಿದ್ದ ವಿಕೆಟ್ ಅದೇ. ಖುಷಿಯಿಂದ ಕೂಗಿದೆ, ಮರುಕ್ಷಣವೇ ಮನಸ್ಸು ಭಾರವಾಯಿತು. ಧ್ರುವ್ ಶೋರೆ ನಾಕೌಟ್ ಹಂತದ ಸತತ ಮೂರನೇ ಶತಕ ಬಾರಿಸಿ 110 ರನ್ ಗಳಿಸಿದರು, ಹರ್ಷ್ ದುಬೆ 30 ಎಸೆತಗಳಲ್ಲಿ 63 ಹೊಡೆದು ಕೊನೆಯವರೆಗೂ ಆತಂಕ ಹುಟ್ಟಿಸಿದರು. ಆದರೆ ಪ್ರಸಿದ್ಧ, ವಾಸುಕಿ ಕೌಶಿಕ್ ಮತ್ತು ಅಭಿಲಾಷ್ ಶೆಟ್ಟಿ ತಲಾ ಮೂರು ವಿಕೆಟ್ ಪಡೆದು ವಿದರ್ಭವನ್ನು 312ಕ್ಕೆ ತಡೆದರು. ಅಷ್ಟೊಂದು ರನ್ ಹರಿದ ಪಿಚ್‌ನಲ್ಲಿ ಕೌಶಿಕ್ 47 ರನ್ ಮಾತ್ರ ಕೊಟ್ಟದ್ದು ಶತಕಕ್ಕಿಂತ ಕಡಿಮೆ ಸಾಧನೆಯೇನಲ್ಲ.

ಒಟ್ಟು 779 ರನ್ ಗಳಿಸಿದ ಕರುಣ್ ಟೂರ್ನಿಯ ಶ್ರೇಷ್ಠ ಆಟಗಾರರಾದರು. ಅದೇ ದಿನ ಪ್ರಕಟವಾದ ಭಾರತದ ಚಾಂಪಿಯನ್ಸ್ ಟ್ರೋಫಿ ತಂಡದಲ್ಲಿ ಅವರ ಹೆಸರಿರಲಿಲ್ಲ. ಏಕದಿನ ಟೂರ್ನಿಯಲ್ಲಿ ಇಷ್ಟು ರನ್ ಗಳಿಸಿದವರಿಗೆ ಏಕದಿನ ತಂಡದಲ್ಲಿ ಜಾಗವಿಲ್ಲದಿದ್ದುದು ನನಗೆ ಈಗಲೂ ಒಪ್ಪಿಗೆಯಾಗಿಲ್ಲ. ಆದರೆ ಅವರ ಬ್ಯಾಟ್ ನಿಲ್ಲಲಿಲ್ಲ: ಅದೇ ಋತುವಿನ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಗಳಿಸಿ ವಿದರ್ಭವನ್ನು ಚಾಂಪಿಯನ್ ಪಟ್ಟಕ್ಕೇರಿಸಿದರು, ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಎಂಟು ವರ್ಷಗಳ ಬಳಿಕ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. 2025–26ರ ಋತುವಿನಲ್ಲಿ ಅವರು ಕರ್ನಾಟಕಕ್ಕೇ ವಾಪಸಾದರು. ಈಗ ಸ್ಮರಣ್ ಮತ್ತು ಕರುಣ್ ಆಡುವುದು ಒಂದೇ ತಂಡಕ್ಕೆ.