ಎರಡನೇ ಕಲ್ಲು ಬಂದ್ರೆ?

ಅಪ್ಪ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಮಳೆಗಾಲದ ರಾತ್ರಿಗಳಲ್ಲಿ ಹಳಿ ಮೇಲೆ ನಡೆಯುತ್ತಾ, ಎಲ್ಲಾದರೂ ಬಂಡೆ ಉರುಳಿದೆಯಾ ಅಂತ ನೋಡೋದೇ ಅವರ ಕೆಲಸ. ಸ್ವಿಟ್ಜರ್ಲೆಂಡಿಗೆ ಹೋಗಿ, ಉರುಳುವ ಬಂಡೆ ತಡೆಯುವ ಉಕ್ಕಿನ ಬಲೆಯನ್ನು ಕಲ್ಲು ಬೀಳಿಸಿ ಪರೀಕ್ಷೆ ಮಾಡೋದನ್ನು ನೋಡಿ ಬಂದೆ ಅಂದಾಗ ನಕ್ಕುಬಿಟ್ಟರು. “ನಾವು ಬೀಳದಿರ್ಲಿ ಅಂತ ದೇವ್ರಿಗೆ ಕೈ ಮುಗೀತಿದ್ವಿ. ನೀವು ಬೇಕಂತ್ಲೇ ಬೀಳಿಸ್ತೀರಾ?”

ಜಾಗ, ವಾಲೆನ್‌ಸ್ಟಾಟ್ ಹತ್ತಿರದ ಒಂದು ಕಲ್ಲು ಕ್ವಾರಿ. ಅಲ್ಲಿ ಬಲೆಯನ್ನು ಬೇಲಿ ಥರ ನಿಲ್ಲಿಸಿರಲಿಲ್ಲ. ಕ್ವಾರಿಯ ಕಡಿದಾದ ಗೋಡೆಗೆ ಕಂಬ ಸಿಕ್ಕಿಸಿ, ಮನೆಯ ಸಜ್ಜಾದ ಹಾಗೆ ಹೊರಗೆ ಚಾಚಿದ್ದರು. ಮೇಲೆ ಕ್ರೇನಿನಲ್ಲಿ ಮೂಲೆ ಕತ್ತರಿಸಿದ ಕಾಂಕ್ರೀಟ್ ದಿಮ್ಮಿ. ತೂಕ 9,600 ಕಿಲೋ, ನಮ್ಮ ಕಡೆಯ ಎರಡು ದೊಡ್ಡ ಸಲಗದಷ್ಟು. 32 ಮೀಟರ್ ಮೇಲಿಂದ ಬಿಟ್ಟರೆ ಬಲೆಗೆ ತಾಗುವಾಗ ಗಂಟೆಗೆ 90 ಕಿ.ಮೀ. ವೇಗ. ಶಕ್ತಿಯ ಲೆಕ್ಕದಲ್ಲಿ 3,000 ಕಿಲೋಜೂಲ್.

ಬಿಟ್ಟರು. ಎರಡೂವರೆ ಸೆಕೆಂಡ್ ಏನೂ ಸದ್ದಿಲ್ಲ. ಆಮೇಲೆ ಬಂದದ್ದು ನಾನು ಅಂದುಕೊಂಡಿದ್ದ ‘ಢಮಾರ್’ ಅಲ್ಲ, ‘ಕರ್ರ್’ ಅಂತ ಕಬ್ಬಿಣ ಎಳೆದ ಸದ್ದು. ಬಲೆ ಗಟ್ಟಿಯಾಗಿ ತಡೆಯಲು ಹೋದರೆ ಹಗ್ಗ ಕಿತ್ತುಬರುತ್ತದೆ. ಅದಕ್ಕೇ ಹಗ್ಗಕ್ಕೆ ಬ್ರೇಕ್ ಉಂಗುರ ಹಾಕಿರುತ್ತಾರೆ. ಎಳೆತ ಬಿದ್ದಾಗ ಅದು ಕುಣಿಕೆ ಬಿಗಿದ ಹಾಗೆ ಚಿಕ್ಕದಾಗುತ್ತಾ ಶಕ್ತಿ ನುಂಗುತ್ತದೆ. ಹತ್ತಿರ ಹೋಗಿ ನೋಡಿದೆ. ಬಲೆಯ ದುಂಡನೆ ಬಳೆಗಳೆಲ್ಲ ನಾಲ್ಕು ಕಡೆಗೆ ಎಳೆದು ಚೌಕವಾಗಿದ್ದವು. ದಿಮ್ಮಿ ಮಾತ್ರ ಗೋಣಿಚೀಲದಲ್ಲಿ ಹಲಸಿನಹಣ್ಣಿನ ಥರ ತಣ್ಣಗೆ ಕೂತಿತ್ತು!

ಅಪ್ಪ ವಿಡಿಯೊವನ್ನು ಎರಡು ಸಲ ನೋಡಿದರು. “ಹರೀಲಿಲ್ಲ, ಸರಿ. ಆದ್ರೆ ಜೋತು ಬಿತ್ತಲ್ಲ ಮಗಾ. ಎರಡನೇ ಕಲ್ಲು ಬಂದ್ರೆ?”

ಯುರೋಪಿನ ಪರೀಕ್ಷಾ ನಿಯಮ ಕೇಳೋದೂ ಇದನ್ನೇ. ಮೂರನೇ ಒಂದು ಭಾಗದ ಶಕ್ತಿಯಲ್ಲಿ ಎರಡು ಸಲ ಹೊಡೆಯಬೇಕು, ನಡುವೆ ರಿಪೇರಿ ಮಾಡುವಂತಿಲ್ಲ. ಮೊದಲ ಏಟಿನ ನಂತರ ಬಲೆಯ ಎತ್ತರ ಶೇ. 70ರಷ್ಟಾದರೂ ಉಳಿದಿರಬೇಕು. ಪೂರ್ತಿ ಶಕ್ತಿಯ ಏಟು ಬೇರೆ, ಅದು ಒಂದೇ ಸಲ. ಅದಾದ ಮೇಲೂ ಅರ್ಧ ಎತ್ತರ ಉಳಿದರೆ ‘ಎ’ ದರ್ಜೆ. ಟೆಂಡರಿನಲ್ಲಿ ಎಲ್ಲರೂ ಕಿಲೋಜೂಲ್ ಎಷ್ಟು ಅಂತ ಮಾತ್ರ ನೋಡ್ತಾರೆ. ನಾನಾದರೆ ಮೊದಲು ಈ ದರ್ಜೆ ನೋಡ್ತೀನಿ.

ಇನ್ನೊಂದು ಮಾತು. ಪರೀಕ್ಷೆಯಲ್ಲಿ ಕಲ್ಲು ಬೀಳೋದು ಮೂರು ಅಂಕಣದ (ಕಂಬದಿಂದ ಕಂಬಕ್ಕೆ ಒಂದು ಅಂಕಣ) ನಟ್ಟನಡುವೆ, ತಿರುಗದೆ, ನೇರವಾಗಿ. ಘಾಟಿಯ ಕಲ್ಲು ಕಂಬಕ್ಕೇ ಬಡಿಯಬಹುದು. ಚಿಕ್ಕ ಕಲ್ಲು ಜೋರಾಗಿ ಬಂದರೆ ಗುಂಡಿನ ಹಾಗೆ ಬಲೆ ತೂರಿ ಹೋಗಲೂಬಹುದು, ಶಕ್ತಿ ಕಡಿಮೆ ಇದ್ದರೂ.

ಇಷ್ಟೆಲ್ಲ ಹೇಳಿದ ಮೇಲೆ ಅಪ್ಪ ಕನ್ನಡಕ ತೆಗೆದರು. “ಆ ಎರಡು ಏಟಿನ ಮಧ್ಯೆ, ಒಳಗೆ ಕೂತ ಮೊದಲ್ನೇ ಕಲ್ಲನ್ನ ಯಾರು ತೆಗೀತಾರೆ?”

“ಕ್ರೇನ್ ಇರುತ್ತಲ್ಲ ಅಪ್ಪ.”

“ಎಡಕುಮೇರಿ ಕಾಡಿಗೆ ಯಾವ ದಾರೀಲಿ ತರ್ತೀಯಾ ಅದನ್ನ?”